‘ದಿ ಲಿಟರರಿ ವರ್ಲ್ಡ್’: ಅಮೆರಿಕೆಯ ಗ್ರಂಥವಿಮರ್ಶೆಯ ಒಂದು ಆದ್ಯ ಪ್ರಯತ್ನ

ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಅಮೆರಿಕೆಯ ಮುದ್ರಣಾಲಯಗಳಿಂದ ಪುಸ್ತಕಗಳು ಹೇರಳವಾಗಿ ಹೊರಬೀಳುತ್ತಿದ್ದರೂ, ಅವುಗಳ ಯೋಗ್ಯಾಯೋಗ್ಯತೆಯನ್ನು ನಿರ್ಭೀತವಾಗಿ ತೂಗಿ ನೋಡುವ ವಿಮರ್ಶೆ ವಿರಳವಾಗಿತ್ತು. 1815ರಲ್ಲಿ ಬಾಸ್ಟನ್ನಿನಲ್ಲಿ ಜನ್ಮತಾಳಿದ ‘ನಾರ್ತ್ ಅಮೆರಿಕನ್ ರಿವ್ಯೂ’ ಪಾಂಡಿತ್ಯಪೂರ್ಣವಾಗಿದ್ದರೂ ಮಂದಗತಿಯದು. ದಿನಪತ್ರಿಕೆಗಳಾದರೋ ಪ್ರಕಾಶಕರ ಜಾಹೀರಾತಿಗೂ ಉಚಿತ ಪ್ರತಿಗಳಿಗೂ ಋಣಿಗಳಾಗಿ ಸ್ತುತಿಪಾಠಕ್ಕೆ ಇಳಿದಿದ್ದವು. ಈ ದುರಭ್ಯಾಸದ ಮೇಲೆ ಎಡ್ಗರ್ ಆ್ಯಲನ್ ಪೋ ಸಮರವನ್ನೇ ಸಾರಿದ್ದನು. ಅಂತಾರಾಷ್ಟ್ರೀಯ ಕೃತಿಸ್ವಾಮ್ಯದ ರಕ್ಷಣೆ ಇಲ್ಲದಿದ್ದ ಕಾರಣ, ಸಂಭಾವನೆಯಿಲ್ಲದೆ ದೊರೆಯುತ್ತಿದ್ದ ಇಂಗ್ಲೆಂಡಿನ ಕಾದಂಬರಿಗಳನ್ನು ಮರುಮುದ್ರಿಸುವುದೇ ಪ್ರಕಾಶಕರಿಗೆ ಲಾಭಕರವಾಗಿದ್ದು, ಸ್ವದೇಶದ ಲೇಖಕನು ತನ್ನ ನಾಡಿನಲ್ಲಿಯೇ ಅನಾದರಕ್ಕೆ ಗುರಿಯಾಗಿದ್ದನು.

ಇಂಥ ಸನ್ನಿವೇಶದಲ್ಲಿ, 1847ರ ಫೆಬ್ರವರಿಯಲ್ಲಿ, ನ್ಯೂಯಾರ್ಕಿನಿಂದ ‘ದಿ ಲಿಟರರಿ ವರ್ಲ್ಡ್’ ಎಂಬ ವಾರಪತ್ರಿಕೆ ಹೊರಟಿತು. ಸಂಪಾದಕನಾದ ಎವರ್ಟ್ ಡೈಕಿಂಕ್, ಅದಕ್ಕೆ ಮೊದಲೇ ವೈಲಿ ಮತ್ತು ಪಟ್ನಮ್ ಸಂಸ್ಥೆಯ ಅಮೆರಿಕನ್ ಗ್ರಂಥಮಾಲೆಯ ಮೂಲಕ ಪೋ, ಹಾಥಾರ್ನ್, ಮೆಲ್ವಿಲ್ ಇವರ ಕೃತಿಗಳನ್ನು ಬೆಳಕಿಗೆ ತಂದ ರಸಜ್ಞನು. ಆದರೆ ಕೆಲವೇ ತಿಂಗಳುಗಳಲ್ಲಿ ಆತನು ಸ್ಥಾನವನ್ನು ಕಳೆದುಕೊಂಡು, ಚಾರ್ಲ್ಸ್ ಫೆನ್ನೊ ಹಾಫ್‌ಮನ್ ಆ ಭಾರವನ್ನು ಹೊರಬೇಕಾಯಿತು. 1848ರಲ್ಲಿ ಎವರ್ಟನೂ ಅವನ ತಮ್ಮ ಜಾರ್ಜನೂ ಪತ್ರಿಕೆಯನ್ನು ಕೊಂಡುಕೊಂಡರು. ಒಡೆತನವೂ ಲೇಖನಿಯೂ ಒಂದೇ ಕೈಗೆ ಬಂದ ಮೇಲೆಯೇ ಪತ್ರಿಕೆಗೆ ತನ್ನದೇ ಆದ ಕಂಠ ಮೂಡಿತೆಂದು ನನ್ನ ಭಾವನೆ.

ಆ ವರ್ಷಗಳ ಶ್ರೇಷ್ಠ ಫಲ 1850ರ ಆಗಸ್ಟಿನದು. ಆ ತಿಂಗಳ 5ರಂದು ಮಾನ್ಯುಮೆಂಟ್ ಪರ್ವತದ ವಿಹಾರದಲ್ಲಿ ಹಾಥಾರ್ನನನ್ನು ಪ್ರಥಮತಃ ಕಂಡ ಮೆಲ್ವಿಲ್, ಆತನ ಕಥೆಗಳನ್ನು ಕುರಿತ ಪ್ರಬಂಧವೊಂದನ್ನು, ವರ್ಮಾಂಟಿನಲ್ಲಿ ಬೇಸಗೆ ಕಳೆಯುತ್ತಿರುವ ವರ್ಜೀನಿಯದವನೆಂಬ ಕಲ್ಪಿತ ವೇಷದಲ್ಲಿ, 17 ಮತ್ತು 24ರ ಸಂಚಿಕೆಗಳಲ್ಲಿ ಪ್ರಕಟಿಸಿದನು. ಸ್ವದೇಶದ ಪ್ರತಿಭೆಯನ್ನು ಷೇಕ್ಸ್‌ಪಿಯರನ ಸನಿಹದಲ್ಲಿಟ್ಟು ನೋಡುವ ಆ ಧೈರ್ಯವೊಂದರಿಂದಲೇ ಈ ಪತ್ರಿಕೆ ಸ್ಮರಣಾರ್ಹವಾಗಿದೆ.

ಮರುವರ್ಷ ಮೆಲ್ವಿಲ್ಲನ ‘ಮೊಬಿ ಡಿಕ್’ ಬಂದಾಗ, ನವೆಂಬರಿನ ಎರಡು ಸಂಚಿಕೆಗಳಲ್ಲಿ ಅದನ್ನು ವಿಮರ್ಶಿಸಿದ ಪತ್ರಿಕೆ, ತಿಮಿಂಗಿಲ ಬೇಟೆಯ ವರ್ಣನಾಶಕ್ತಿಯನ್ನು ಕೊಂಡಾಡಿಯೂ, ಧರ್ಮಶ್ರದ್ಧೆಯನ್ನು ನೋಯಿಸುವ ಮಾತುಗಳಿಗಾಗಿ ಸಂಪಾದಕನ ಮಿತ್ರನನ್ನು ಆಕ್ಷೇಪಿಸದೆ ಬಿಡಲಿಲ್ಲ. ಮೆಲ್ವಿಲ್ ನೊಂದನು, 1852ರ ಫೆಬ್ರವರಿಯಲ್ಲಿ ತಾನು ತರಿಸುತ್ತಿದ್ದ ಎರಡು ಪ್ರತಿಗಳನ್ನು ನಿಲ್ಲಿಸುವಂತೆ ಬರೆದನು. ಡೈಕಿಂಕನ ತೀರ್ಪು ಸಂಕುಚಿತವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೂ ಸ್ನೇಹದ ದಾಕ್ಷಿಣ್ಯಕ್ಕೆ ಕಟ್ಟುಬೀಳದೆ ತನಗೆ ಕಂಡುದನ್ನು ಹೇಳಿದ ಆ ಪ್ರಾಮಾಣಿಕತೆಯನ್ನು, ಮುಖಸ್ತುತಿಯೇ ವಾಡಿಕೆಯಾಗಿದ್ದ ಆ ಕಾಲದಲ್ಲಿ, ಅಲ್ಪವೆನ್ನಲಾಗದು.

1853ರ ಅಂತ್ಯದಲ್ಲಿ ಪತ್ರಿಕೆ ನಿಂತಿತು. ಅದರ ಅನುಭವವೆಲ್ಲವನ್ನೂ ಧಾರೆಯೆರೆದಂತೆ ಸೋದರರಿಬ್ಬರೂ 1855ರಲ್ಲಿ ಅಮೆರಿಕನ್ ಸಾಹಿತ್ಯದ ಬೃಹತ್ಕೋಶವನ್ನು ಎರಡು ಸಂಪುಟಗಳಲ್ಲಿ ಹೊರತಂದರು. ಮುಂದೆ 1865ರಲ್ಲಿ ‘ದಿ ನೇಷನ್’, 1896ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಪುಸ್ತಕ ಪುರವಣಿ, 1924ರಲ್ಲಿ ಹೆನ್ರಿ ಸೈಡಲ್ ಕ್ಯಾನ್ಬಿಯ ‘ಸ್ಯಾಟರ್ಡೇ ರಿವ್ಯೂ ಆಫ್ ಲಿಟರೇಚರ್’ ಗ್ರಂಥವಿಮರ್ಶೆಯ ಕಾರ್ಯವನ್ನು ವಿಸ್ತರಿಸಿದವು. ಇವುಗಳ ನಡುವೆ 1891ರಲ್ಲಿ ವಿದೇಶೀ ಲೇಖಕರಿಗೂ ಕೃತಿಸ್ವಾಮ್ಯ ನೀಡುವ ಶಾಸನ ಬಂದುದರಿಂದ, ಡೈಕಿಂಕನ ಪೀಳಿಗೆ ಹಂಬಲಿಸಿದ ಸಮಬಲದ ಕಣ ಅಮೆರಿಕನ್ ಲೇಖಕನಿಗೆ ಕೊನೆಗೂ ದೊರಕಿತು.