ಅಕ್ಷರಗಳು ಕಾಯ್ದ ನಾಡು

ವೇಳಾಂಗಣ್ಣಿಯ ಯಾತ್ರೆಗೆ ಹೊರಟ ನಮ್ಮ ಕುಟುಂಬಗಳಲ್ಲಿ ಅನೇಕರು ದಾರಿಯಲ್ಲಿ ಚೆನ್ನೈಯ ಸಂತ ತೋಮರ ಬೆಟ್ಟಕ್ಕೂ ಹೋಗಿಬರುವುದುಂಟು. ಬೆಟ್ಟದ ಮೆಟ್ಟಿಲುಗಳನ್ನು ಏರುವಾಗ ಅವನ್ನು ಕಟ್ಟಿಸಿದವರು ಯಾರೆಂದು ಕೇಳುವವರು ವಿರಳ. ಹದಿನೆಂಟನೆಯ ಶತಮಾನದಲ್ಲಿ ಮದರಾಸಿನಲ್ಲಿ ನೆಲೆಸಿದ್ದ ಪೆಟ್ರಸ್ ಉಸ್ಕಾನ್ ಎಂಬ ವರ್ತಕನ ಕೊಡುಗೆ ಅದು. ಯಾತ್ರಿಕರಿಗೆ ಅನುಕೂಲವಾಗಲೆಂದು 1726ರಲ್ಲಿ ಅಡ್ಯಾರ್ ನದಿಗೆ ಸೇತುವೆ ಕಟ್ಟಿಸಿದವನೂ ಅವನೇ. ಅವನು ಇಂಗ್ಲಿಷರವನಲ್ಲ, ಪೋರ್ಚುಗೀಸನೂ ಅಲ್ಲ, ಅರ್ಮೇನಿಯನ್. ಚೆನ್ನೈಯ ಜಾರ್ಜ್ ಟೌನಿನಲ್ಲಿರುವ ಅರ್ಮೇನಿಯನ್ ಬೀದಿಯೂ ಅಲ್ಲಿ 1772ರಲ್ಲಿ ನಿರ್ಮಾಣವಾದ ಅರ್ಮೇನಿಯನ್ ದೇವಾಲಯವೂ ಆ ಜನಾಂಗದ ನೆನಪನ್ನು ಇಂದಿಗೂ ಉಳಿಸಿಕೊಂಡಿವೆ. ಅಷ್ಟು ದೂರದಿಂದ ಇಲ್ಲಿಗೆ ಬಂದ ಆ ಜನರ ತಾಯ್ನಾಡು ಎಂಥದು?

ಅರ್ಮೇನಿಯ ಒಂದು ಪುಟ್ಟ ದೇಶ. ಅದರ ವಿಸ್ತೀರ್ಣ 30,000 ಚದರ ಕಿಲೋಮೀಟರಿಗೂ ತುಸು ಕಡಿಮೆ. ನಮ್ಮ ಕರ್ನಾಟಕದ ಆರರಲ್ಲಿ ಒಂದು ಪಾಲಿಗಿಂತಲೂ ಚಿಕ್ಕದು. ಜನಸಂಖ್ಯೆ ಸುಮಾರು 30 ಲಕ್ಷ. ಉತ್ತರಕ್ಕೆ ಜಾರ್ಜಿಯ, ಪೂರ್ವಕ್ಕೆ ಅಜರ್‌ಬೈಜಾನ್, ದಕ್ಷಿಣಕ್ಕೆ ಇರಾನ್, ಪಶ್ಚಿಮಕ್ಕೆ ಟರ್ಕಿ, ಸಮುದ್ರತೀರವೆಂಬುದೇ ಇಲ್ಲ. ನಾಡಿನ ಬಹುಭಾಗ ಬೆಟ್ಟಗುಡ್ಡ. ಸಮುದ್ರಮಟ್ಟದಿಂದ ಸುಮಾರು 1,900 ಮೀಟರ್ ಎತ್ತರದಲ್ಲಿ ಸೆವಾನ್ ಸರೋವರ ಹರಡಿಕೊಂಡಿದೆ. ರಾಜಧಾನಿ ಯೆರೆವಾನ್‌ನ ಇತಿಹಾಸ ಕ್ರಿ.ಪೂ. 782ರಲ್ಲಿ ಉರಾರ್ಟು ದೊರೆ ಕಟ್ಟಿಸಿದ ಎರೆಬುನಿ ಕೋಟೆಯಿಂದ ಆರಂಭವಾಗುತ್ತದೆ. ಯೆರೆವಾನ್‌ನಲ್ಲಿ ನಿಂತು ನೋಡಿದರೆ ಹಿಮ ಹೊದ್ದ ಅರಾರಾಟ್ ಪರ್ವತ ಕಾಣುತ್ತದೆ. ನೋಹನ ನಾವೆ ಬಂದು ನಿಂತದ್ದು ಅಲ್ಲೇ ಎಂಬುದು ಆ ಜನರ ಪರಂಪರಾಗತ ನಂಬಿಕೆ. ಆ ಪರ್ವತವು ಅರ್ಮೇನಿಯದ ರಾಷ್ಟ್ರಲಾಂಛನದಲ್ಲಿದೆ; ಆದರೆ ಅದು ನಿಂತಿರುವ ನೆಲ ಇಂದು ಟರ್ಕಿಗೆ ಸೇರಿದೆ. ದಿನವೂ ಕಣ್ಣಿಗೆ ಬೀಳುವುದು ಕೈಗೆ ಎಟುಕದಿರುವ ಈ ನೋವಿನಲ್ಲಿಯೇ ಆ ನಾಡಿನ ಇತಿಹಾಸ ಅಡಗಿದೆ.

ಪರಂಪರೆಯ ಪ್ರಕಾರ ಕ್ರಿ.ಶ. 301ರಲ್ಲಿ ಅರಸ ಮೂರನೆಯ ತಿರಿದಾತನು ಕ್ರೈಸ್ತ ಧರ್ಮವನ್ನು ರಾಜಧರ್ಮವಾಗಿ ಸ್ವೀಕರಿಸಿದನು. ಹೀಗೆ ಮಾಡಿದ ಮೊದಲ ರಾಜ್ಯ ಅರ್ಮೇನಿಯ. ಅರಸನಿಗೆ ದೀಕ್ಷಾಸ್ನಾನವಿತ್ತ ಸಂತ ಗ್ರೆಗೋರಿಯು ಅದೇ ಅರಸನ ಆಜ್ಞೆಯಿಂದ ಹದಿಮೂರು ವರ್ಷ ಖೋರ್ ವಿರಾಪಿನ ಆಳವಾದ ಗುಂಡಿಯಲ್ಲಿ ಸೆರೆಯಲ್ಲಿದ್ದರೆಂದು ಹೇಳುತ್ತಾರೆ.

ಆದರೆ ಜನರಿಗೆ ತಮ್ಮದೇ ಲಿಪಿ ಇರಲಿಲ್ಲ. ದೇವಾಲಯದಲ್ಲಿ ಓದುತ್ತಿದ್ದುದು ಗ್ರೀಕ್ ಅಥವಾ ಸಿರಿಯಾಕ್ ಭಾಷೆಯಲ್ಲಿ. ಕೇಳುವ ರೈತನಿಗೆ ಅದು ಅರ್ಥವಾಗುತ್ತಿರಲಿಲ್ಲ. ಈ ನಡುವೆ 387ರಲ್ಲಿ ರೋಮ್ ಮತ್ತು ಪರ್ಷಿಯ ಸಾಮ್ರಾಜ್ಯಗಳು ನಾಡನ್ನು ತಮ್ಮೊಳಗೆ ಹಂಚಿಕೊಂಡವು. ರಾಜ್ಯ ಕರಗುತ್ತಿದ್ದ ಆ ಕಾಲದಲ್ಲಿ ಮೆಸ್ರೋಪ್ ಮಾಷ್ಟೋಟ್ಸ್ ಎಂಬ ಸನ್ಯಾಸಿ, ಧರ್ಮಾಧ್ಯಕ್ಷ ಸಹಾಕ್ ಮತ್ತು ಅರಸ ವ್ರಾಮ್‌ಷಾಪುಹರ ಬೆಂಬಲದಿಂದ 405ರ ಸುಮಾರಿಗೆ 36 ಅಕ್ಷರಗಳ ಲಿಪಿಯೊಂದನ್ನು ರೂಪಿಸಿದರು. ಅದರಲ್ಲಿ ಮೊದಲು ಅನುವಾದಗೊಂಡದ್ದು ಬೈಬಲಿನ ಜ್ಞಾನೋಕ್ತಿಗಳ ಗ್ರಂಥ ಎನ್ನಲಾಗಿದೆ. ಕೆಲವೇ ದಶಕಗಳಲ್ಲಿ ಆ ಭಾಷೆಯಲ್ಲಿ ಚರಿತ್ರೆ, ದೈವಶಾಸ್ತ್ರಗಳ ಗ್ರಂಥಗಳು ಹುಟ್ಟಿದವು. 451ರಲ್ಲಿ ಅವರಾಯರ್ ಬಯಲಿನಲ್ಲಿ ಸೇನಾನಿ ವರ್ದನ್ ಮಾಮಿಕೋನಿಯನ್ ಪರ್ಷಿಯದ ಸೈನ್ಯದೆದುರು ಹೋರಾಡಿ ಮಡಿದನು. ಯುದ್ಧ ಸೋತಿತು, ಜನ ಸೋಲಲಿಲ್ಲ. 484ರ ಒಪ್ಪಂದದಲ್ಲಿ ಪರ್ಷಿಯ ಅವರ ಧರ್ಮಸ್ವಾತಂತ್ರ್ಯವನ್ನು ಮಾನ್ಯಮಾಡಬೇಕಾಯಿತು.

ಮುಂದಿನ ಶತಮಾನಗಳಲ್ಲಿ ಅರಬರು, ಸೆಲ್ಜುಕರು, ಮಂಗೋಲರು, ಒಟ್ಟೋಮನ್ನರು ಒಬ್ಬರ ಹಿಂದೆ ಒಬ್ಬರು ಬಂದರು. 1915ರಲ್ಲಿ ಒಟ್ಟೋಮನ್ ಆಡಳಿತದಡಿ ನಡೆದ ಸಾಮೂಹಿಕ ಹತ್ಯೆ ಮತ್ತು ಗಡೀಪಾರಿನಲ್ಲಿ ಲಕ್ಷಾಂತರ ಜನ ಸತ್ತರು. ಆ ವರ್ಷದ ಒಂದು ಪ್ರಸಂಗವನ್ನು ಅರ್ಮೇನಿಯನ್ನರು ತಮ್ಮ ಮಕ್ಕಳಿಗೆ ತಪ್ಪದೆ ಹೇಳುತ್ತಾರೆ. ಮುಷ್ ಪ್ರಾಂತ್ಯದ ಪಾಳುಬಿದ್ದ ಮಠವೊಂದರಲ್ಲಿ, ಓಡಿಹೋಗುತ್ತಿದ್ದ ಇಬ್ಬರು ಹೆಂಗಸರ ಕಣ್ಣಿಗೆ ಹದಿಮೂರನೆಯ ಶತಮಾನದ ಆರಂಭದ ಪ್ರಬೋಧನೆಗಳ ಹಸ್ತಪ್ರತಿ ಬಿತ್ತು. ಅದರ ತೂಕ ಸುಮಾರು 28 ಕಿಲೋ. ಒಬ್ಬರಿಂದ ಹೊರಲಾಗದ ಆ ಪುಸ್ತಕವನ್ನು ಎರಡಾಗಿ ಬೇರ್ಪಡಿಸಿ ಇಬ್ಬರೂ ಹೊತ್ತು ನಡೆದರು. ಒಂದು ಭಾಗ ಎಚ್ಮಿಯಾದ್ಜಿನ್ ಮಹಾದೇವಾಲಯವನ್ನು ತಲುಪಿತು. ಇನ್ನೊಂದನ್ನು ದಾರಿಯಲ್ಲಿ ಎರ್ಜುರುಮ್‌ನಲ್ಲಿ ಹೂತಿಡಲಾಯಿತು. ಅದು ಸೇನಾಧಿಕಾರಿಯೊಬ್ಬನಿಗೆ ಸಿಕ್ಕಿ, ವರ್ಷಗಳ ನಂತರ ತನ್ನ ಜೊತೆಯ ಭಾಗವನ್ನು ಸೇರಿತು. ಇಂದು ಆ ಗ್ರಂಥ ಯೆರೆವಾನ್‌ನ ಮಾತೆನಾದರಾನ್ ಎಂಬ ಹಸ್ತಪ್ರತಿ ಭಂಡಾರದಲ್ಲಿದೆ. ಆ ಭಂಡಾರದ ಬಾಗಿಲಿನ ಮುಂದೆ ಕುಳಿತಿರುವ ಶಿಲಾಮೂರ್ತಿ ಯಾವ ದಂಡನಾಯಕನದೂ ಅಲ್ಲ, ಅಕ್ಷರ ಕೊಟ್ಟ ಮೆಸ್ರೋಪರದು.

ತಾಯ್ನಾಡಿನಿಂದ ದೂರವಾದವರೂ ಅಕ್ಷರವನ್ನು ಬಿಡಲಿಲ್ಲ. ಅರ್ಮೇನಿಯನ್ ಭಾಷೆಯ ಮೊದಲ ಮುದ್ರಿತ ಪುಸ್ತಕ ಹೊರಬಂದದ್ದು 1512ರಲ್ಲಿ ವೆನಿಸ್‌ನಲ್ಲಿ. ಮೊದಲ ಮುದ್ರಿತ ಬೈಬಲ್ 1666ರಲ್ಲಿ ಆಮ್ಸ್ಟರ್‌ಡ್ಯಾಮಿನಲ್ಲಿ. ಜಗತ್ತಿನ ಮೊಟ್ಟಮೊದಲ ಅರ್ಮೇನಿಯನ್ ಪತ್ರಿಕೆ ‘ಅಜ್ದರಾರ್’ 1794ರಲ್ಲಿ ಪ್ರಕಟವಾದದ್ದು ನಮ್ಮ ಮದರಾಸಿನಲ್ಲೇ! ಅದರ ಸಂಪಾದಕರು ಹರುತ್ಯೂನ್ ಶ್ಮಾವೋನಿಯನ್ ಎಂಬ ಗುರುಗಳು. ಅವರ ಸಮಾಧಿ ಅಲ್ಲಿನ ಅರ್ಮೇನಿಯನ್ ದೇವಾಲಯದ ಆವರಣದಲ್ಲಿದೆ.

ಸೋವಿಯತ್ ಒಕ್ಕೂಟದಲ್ಲಿ ಸುಮಾರು ಏಳು ದಶಕ ಕಳೆದ ಅರ್ಮೇನಿಯ 1988ರ ಡಿಸೆಂಬರಿನಲ್ಲಿ ಭೀಕರ ಭೂಕಂಪಕ್ಕೆ ತುತ್ತಾಯಿತು. ಸುಮಾರು 25,000 ಮಂದಿ ಪ್ರಾಣ ತೆತ್ತರು. 1991ರಲ್ಲಿ ಅದು ಸ್ವತಂತ್ರವಾಯಿತು. ಸಂಕಟ ಅಲ್ಲಿಗೇ ಮುಗಿಯಲಿಲ್ಲ. 2023ರ ಸೆಪ್ಟೆಂಬರಿನಲ್ಲಿ ನಗೋರ್ನೊ-ಕರಬಾಖ್ ಪ್ರದೇಶದಿಂದ ಒಂದು ಲಕ್ಷಕ್ಕೂ ಹೆಚ್ಚು ಅರ್ಮೇನಿಯನ್ನರು ಕೆಲವೇ ದಿನಗಳಲ್ಲಿ ಮನೆಮಠ ತೊರೆದು ಬರಬೇಕಾಯಿತು. ಆದರೂ ಅಲ್ಲಿನ ಹೆಂಗಸರು ನೆಲದೊಳಗಿನ ಒಲೆಯಲ್ಲಿ ಲವಾಷ್ ಎಂಬ ತೆಳುವಾದ ರೊಟ್ಟಿಯನ್ನು ಇಂದಿಗೂ ಜೊತೆಗೂಡಿ ಸುಡುತ್ತಾರೆ. ಶಿಲ್ಪಿಗಳು ‘ಖಚ್ಕಾರ್’ ಎಂಬ ಶಿಲುಬೆಯ ಕಲ್ಲುಗಳನ್ನು ಬಳ್ಳಿಚಿತ್ತಾರದೊಡನೆ ಕೆತ್ತುತ್ತಾರೆ.

ನೆಲ ಕಳೆದುಕೊಂಡರೂ ನುಡಿಯನ್ನು ಕಳೆದುಕೊಳ್ಳದ ಜನಾಂಗವಿದು. ಇಂದು ನಮ್ಮ ಎಷ್ಟೋ ಮನೆಗಳಲ್ಲಿ ಮಕ್ಕಳು ಕನ್ನಡವನ್ನು ಮಾತನಾಡುತ್ತಾರೆ, ಓದಲಾರರು. ಅಜ್ಜಿಯ ಪ್ರಾರ್ಥನಾ ಪುಸ್ತಕ ಕಪಾಟಿನಲ್ಲಿದೆ, ತೆರೆಯುವ ಕೈಗಳಿಲ್ಲ. ಜೀವಭಯದಿಂದ ಓಡುತ್ತಿದ್ದ ಆ ಇಬ್ಬರು ತಾಯಂದಿರು 28 ಕಿಲೋ ಭಾರದ ಪುಸ್ತಕವನ್ನು ಬಿಟ್ಟುಹೋಗಬಹುದಿತ್ತು, ಬಿಡಲಿಲ್ಲ. ನಾವು ಹೊರಬೇಕಾದ ಭಾರ ಅಷ್ಟೇನೂ ಇಲ್ಲ. ಸಂಜೆಯ ಜಪಸರದ ನಂತರ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಪುಟ ಓದಿಸಿದರೆ ಸಾಕು.