ವ್ಯಾನ್ ಗೋ ನೋಡಿ ಬರೆದ 60 ಹಾಳೆಗಳು

ಯಾರಾದರೂ ಒಂದು ಚಿತ್ರ ಬರೆದು ಪೋಸ್ಟ್ ಮಾಡಿದರೆ ಸಾಕು, ಕೆಳಗೆ ಪ್ರಶ್ನೆ ಬಂದೇ ಬರುತ್ತೆ: “ಇದು ಸ್ವಂತದ್ದಾ, ನೋಡಿ ಬರೆದಿದ್ದಾ?” ನೋಡಿ ಬರೆದಿದ್ದು ಅಂದ್ರೆ ಅರ್ಧ ಮರ್ಯಾದೆ ಹೋದ ಹಾಗೆ. ಇವತ್ತು ನಾನು ಹೇಳ್ತಿರೋದು, ಹಟ ಹಿಡಿದು ನೋಡಿ ಬರೆದ ಒಬ್ಬನ ಕಥೆ. ವಿನ್ಸೆಂಟ್ ವ್ಯಾನ್ ಗೋ.

1880ನೇ ಇಸವಿ. ಬೆಲ್ಜಿಯಂನ ಬೋರಿನಾಜ್ ಅನ್ನೋ ಕಲ್ಲಿದ್ದಲು ಗಣಿ ಪ್ರದೇಶ. ವಿನ್ಸೆಂಟ್‌ಗೆ 27 ವರ್ಷ. ಗೂಪಿಲ್ ಅನ್ನೋ ಕಲಾ ವ್ಯಾಪಾರ ಸಂಸ್ಥೆಯ ಕೆಲಸ 1876ರಲ್ಲೇ ಹೋಗಿತ್ತು. ಗಣಿ ಕಾರ್ಮಿಕರ ಮಧ್ಯೆ ಧರ್ಮ ಪ್ರಚಾರಕನಾಗಿ ಸೇರಿದ, 1879ರಲ್ಲಿ ಅದನ್ನೂ ಮುಂದುವರಿಸಲಿಲ್ಲ. ಮನೆಯವರಿಗೆ ಈ ಹುಡುಗನನ್ನು ಏನು ಮಾಡೋದು ಅನ್ನೋ ಚಿಂತೆ. ಅಂಥ ಹೊತ್ತಲ್ಲಿ ಆತ ಚಿತ್ರಕಾರ ಆಗ್ತೀನಿ ಅಂತ ತೀರ್ಮಾನಿಸಿದ. ಗುರು ಇಲ್ಲ, ಶಾಲೆ ಇಲ್ಲ, ಕೈಯಲ್ಲಿ ಕಾಸೂ ಇಲ್ಲ.

ಆಗ ಆತ ಗೂಪಿಲ್‌ನಲ್ಲಿದ್ದ ತನ್ನ ಹಳೇ ಮೇಲಧಿಕಾರಿಗೆ ಪತ್ರ ಬರೆದು ಒಂದು ಪಾಠಮಾಲೆ ಕೇಳಿದ. ಷಾರ್ಲ್ ಬಾರ್ಗ್ ಅನ್ನೋ ಕಲಾವಿದ, ಹೆಸರಾಂತ ಚಿತ್ರಕಾರ ಜೆರೋಮ್ ಜೊತೆ ಸೇರಿ 1860ರ ದಶಕದ ಕೊನೆಯಲ್ಲಿ ಶುರು ಮಾಡಿದ ಚಿತ್ರಕಲೆಯ ಕೋರ್ಸ್ ಅದು. ಒಟ್ಟು 197 ಕಲ್ಲಚ್ಚಿನ ಹಾಳೆ, ಮೂರು ಭಾಗ. ಮೊದಲು ಪ್ರಾಚೀನ ಶಿಲ್ಪಗಳ ಪ್ಲಾಸ್ಟರ್ ಅಚ್ಚುಗಳು: ಕಣ್ಣು, ಕಿವಿ, ಪಾದ, ಮುಖ. ಎರಡನೇದು ರಾಫೆಲ್, ಹೋಲ್ಬೈನ್ ಥರದ ಹಿರಿಯರ ರೇಖಾಚಿತ್ರಗಳು. ಮೂರನೇದು ಇದ್ದಿಲಿನಲ್ಲಿ ಬರೆಯೋಕೆ 60 ನಗ್ನ ದೇಹಗಳು.

ವಿಧಾನ ಸರಳ, ಆದರೆ ಬೇಸರ ಹಿಡಿಸೋವಂಥದ್ದು. ಮೊದಲ ಭಾಗದ ಅನೇಕ ಹಾಳೆಗಳಲ್ಲಿ ಮುಗಿದ ಚಿತ್ರದ ಪಕ್ಕದಲ್ಲೇ ಅದರ ಅಸ್ಥಿಪಂಜರದ ಹಾಗೆ ಕೆಲವು ನೇರ ಗೆರೆ. ಮೂಗಿನ ತುದಿ ಹಣೆಗಿಂತ ಎಷ್ಟು ಮುಂದೆ, ಭುಜ ಎಷ್ಟು ಇಳಿಜಾರು, ನೆರಳು ಎಲ್ಲಿ ಶುರು ಎಲ್ಲಿ ಕೊನೆ. ಮೊದಲು ಗೆರೆ, ಆಮೇಲೆ ನೆರಳಿನ ಆಕಾರ, ಕೊನೆಗೆ ಬಣ್ಣದ ಗಾಢತೆ. ನಮ್ಮಲ್ಲಿ ಮಕ್ಕಳಿಗೆ ಅಕ್ಕಿ ಮೇಲೆ ಅಕ್ಷರ ತಿದ್ದಿಸ್ತಾರಲ್ಲ, ಆ ಥರ. ಆದರೆ ಇಲ್ಲಿ ತಿದ್ದಬೇಕಾದ್ದು ಕೈಗಿಂತ ಹೆಚ್ಚಾಗಿ ಕಣ್ಣು ಅಂತ ನನಗನ್ನಿಸುತ್ತೆ. ಕಣ್ಣು ತನಗೆ ಗೊತ್ತಿರೋದನ್ನ ನೋಡುತ್ತೆ, ಎದುರಿಗೆ ಇರೋದನ್ನಲ್ಲ.

ವಿನ್ಸೆಂಟ್ ಇದ್ದದ್ದು ಚಿಕ್ಕ ಕೋಣೆ. ಅದನ್ನೂ ಮನೆ ಮಾಲೀಕರ ಮಕ್ಕಳ ಜೊತೆ ಹಂಚಿಕೊಂಡಿದ್ದ. ಬಾರ್ಗ್ ಹಾಳೆಗಳೋ ದೊಡ್ಡವು, ಹರಡಿಕೊಳ್ಳೋಕೇ ಜಾಗ ಸಾಲದು. ಆದ್ರೂ ಆ 60 ಇದ್ದಿಲಿನ ಹಾಳೆಗಳನ್ನ ಮುಗಿಸಿದ, ಆಮೇಲೆ ಮತ್ತೆ ಬರೆದ. 1881ರಲ್ಲಿ ಬಾರ್ಗ್ ಹಾಳೆ ನೋಡಿಯೇ ಹೋಲ್ಬೈನ್‌ನ ಒಂದು ಹುಡುಗಿಯ ಚಿತ್ರ ನಕಲು ಮಾಡಿದ. ಅದು ಇವತ್ತಿಗೂ ಉಳಿದಿದೆ.

ಹಾಗಂತ ವಿನ್ಸೆಂಟ್ ವಿಧೇಯ ವಿದ್ಯಾರ್ಥಿ ಅಂದ್ಕೋಬೇಡಿ. 1886ರಲ್ಲಿ ಆಂಟ್‌ವರ್ಪ್ ಅಕಾಡೆಮಿಯಲ್ಲಿ ವೀನಸ್‌ನ ಪ್ಲಾಸ್ಟರ್ ಮೂರ್ತಿ ಮುಂದೆ ಕೂರಿಸಿದರೆ, ಸೊಂಟ ಅಗಲ ಇರೋ ಊರ ಹೆಂಗಸಿನ ಥರ ಬರೆದನಂತೆ. ತಿದ್ದೋ ಭರದಲ್ಲಿ ಮೇಷ್ಟ್ರು ಕಾಗದವನ್ನೇ ಹರಿದರು ಅಂತ ಜೊತೆಗೆ ಕಲಿತವರು ಆಮೇಲೆ ನೆನಪಿಸಿಕೊಂಡಿದ್ದಾರೆ. ತಾನಾಗಿ ಆರಿಸಿಕೊಂಡ ನಕಲಿಗೂ ಮೇಷ್ಟ್ರು ಹೇರಿದ ನಕಲಿಗೂ ಆತನಿಗೆ ಅಷ್ಟು ವ್ಯತ್ಯಾಸ ಇತ್ತು.

1889ರಲ್ಲಿ ಸೇಂಟ್ ರೆಮಿಯ ಮಾನಸಿಕ ಆಸ್ಪತ್ರೆಯಲ್ಲಿದ್ದಾಗ ಮಿಲೆಯ ರೈತರ ಚಿತ್ರಗಳನ್ನ ಕಪ್ಪು ಬಿಳುಪು ಮುದ್ರಣ ಎದುರಿಗಿಟ್ಟುಕೊಂಡು ಬಣ್ಣದಲ್ಲಿ ಬರೆದ. ತಮ್ಮ ಥಿಯೋಗೆ ಅದನ್ನ ಸಂಗೀತಕ್ಕೆ ಹೋಲಿಸಿ ವಿವರಿಸಿದ: ಬೀಥೋವನ್ ರಚನೆ ನುಡಿಸುವವನೂ ತನ್ನದೇ ಅರ್ಥ ಸೇರಿಸ್ತಾನಲ್ಲ, ಹಾಗೆ. ನಮ್ಮಲ್ಲಿ ಹಳೇ ಕೀರ್ತನೆ ಹಾಡಿದವರನ್ನ ಕಾಪಿ ಹೊಡೆದ್ರು ಅಂತ ಯಾರೂ ಅನ್ನಲ್ಲ, ಅಲ್ವಾ?

ಮುಂದಿನ ವರ್ಷ ಓವೇರ್ ಹಳ್ಳಿಗೆ ಬಂದ. ಅಷ್ಟರಲ್ಲಿ ಸೂರ್ಯಕಾಂತಿ ಬರೆದಾಗಿತ್ತು, ನಕ್ಷತ್ರಗಳ ರಾತ್ರಿಯೂ ಮುಗಿದಿತ್ತು. 1890ರ ಜುಲೈ 29ಕ್ಕೆ ಆತನ ಸಾವು. ಅದಕ್ಕೆ ಸುಮಾರು ಎರಡು ತಿಂಗಳ ಮುಂಚೆ ಥಿಯೋಗೆ ಪತ್ರ ಬರೆದು ಕೇಳಿದ್ದು, ಬಾರ್ಗ್‌ನ ಆ ಇದ್ದಿಲಿನ ಹಾಳೆಗಳನ್ನ. 60ನ್ನೂ ಇನ್ನೊಂದು ಸಲ ಮೊದಲಿನಿಂದ ಬರೀಬೇಕಿತ್ತಂತೆ.