ಗರಡಿಯಿಂದ ಶುಶ್ರೂಷಾಲಯಕ್ಕೆ: ಭಾರದ ತಾಲೀಮು ಯಾರಿಗೆ ಬೇಕು?

ಭಾರ ಎತ್ತಿದರೆ ಬಲ ಬರುತ್ತದೆಂಬ ತಿಳಿವಳಿಕೆ ನಮ್ಮಲ್ಲಿ ಬಹಳ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 12ನೇ ಶತಮಾನದ ಸಂಸ್ಕೃತ ಕೃತಿ ‘ಮಾನಸೋಲ್ಲಾಸ’ ಜಟ್ಟಿಗಳ ಸಾಧನೆಯನ್ನು ಭಾರಶ್ರಮ, ಭ್ರಮಣಶ್ರಮ, ಸಲಿಲಶ್ರಮ, ಸ್ತಂಭಶ್ರಮ ಎಂದು ಬಗೆಬಗೆಯಾಗಿ ವಿಂಗಡಿಸಿ, ಅವರ ಆಹಾರದ ಬಗೆಗೂ ಹೇಳುತ್ತದೆ. ಭಾರ ಎತ್ತುವುದು, ನಡೆಯುವುದು, ಈಜುವುದು, ಕಂಬದ ಮೇಲಿನ ಕಸರತ್ತು ಒಂದಕ್ಕೊಂದು ಬದಲಿಯಲ್ಲ ಎಂಬ ಅರಿವು ಈ ವಿಂಗಡಣೆಯಲ್ಲೇ ಇದೆ. ಗರಡಿ ಮನೆಯ ದಂಡ, ಬಸ್ಕಿ, ಗದೆ, ಕಲ್ಲುಗುಂಡುಗಳು ಇದೇ ದಾರಿಯವು. ಆದರೆ ಈ ಪರಂಪರೆಗೆ ಒಂದು ಮಿತಿಯಿತ್ತು. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಎತ್ತುವ ಸಂಗ್ರಾಣಿ ಕಲ್ಲನ್ನೇ ನೋಡಿ. ಅದರ ತೂಕ ಎತ್ತುವವನಿಗೆ ತಕ್ಕಂತೆ ಬದಲಾಗದು. ಎತ್ತಿದವನು ಗೆದ್ದ, ಎತ್ತಲಾಗದವನು ಬದಿಗೆ ಸರಿದ. ಬಸ್ಕಿಯ ಎಣಿಕೆಯನ್ನು ದಿನದಿನಕ್ಕೆ ಏರಿಸುವ ಕ್ರಮ ಗರಡಿಯಲ್ಲಿತ್ತು ನಿಜ, ಆದರೆ ಆ ಅಂಗಳಕ್ಕೆ ಪ್ರವೇಶವಿದ್ದದ್ದು ಆಗಲೇ ಗಟ್ಟಿಮುಟ್ಟಾಗಿದ್ದ ಹುಡುಗರಿಗೆ. ಮುದುಕರು, ಹೆಂಗಸರು, ಕಾಯಿಲೆಯವರು ಅದರ ಲೆಕ್ಕದಲ್ಲೇ ಇರಲಿಲ್ಲ. ಕಳೆದ ಶತಮಾನದ ಸಂಶೋಧನೆ ಈ ಲೆಕ್ಕವನ್ನು ತಿರುವುಮುರುವು ಮಾಡಿದೆ, ಆದರೆ ನಮ್ಮ ಸಾಮಾನ್ಯ ಕಲ್ಪನೆ ಇನ್ನೂ ಅಖಾಡದಲ್ಲೇ ಉಳಿದಿದೆ ಎಂಬುದು ಈ ಲೇಖನದ ವಾದ.

ದೇಹದಾರ್ಢ್ಯಪಟು ಯೂಜೀನ್ ಸ್ಯಾಂಡೋನ ಪ್ರದರ್ಶನಗಳು 20ನೇ ಶತಮಾನದ ಆರಂಭದಲ್ಲಿ ಭಾರತಕ್ಕೂ ಬಂದವು. ಬೆಂಗಳೂರಿನಲ್ಲಿ ಕೆ.ವಿ. ಅಯ್ಯರ್ ಹರ್ಕ್ಯುಲಿಸ್ ಜಿಮ್ನೇಷಿಯಂ ನಡೆಸಿ, ಅಂಚೆಯ ಮೂಲಕವೂ ಅಂಗಸಾಧನೆ ಕಲಿಸಿ, ಡಂಬೆಲ್ಲು ಬಾರ್ಬೆಲ್ಲುಗಳನ್ನು ಓದುಬರಹ ಬಲ್ಲ ಮಧ್ಯಮವರ್ಗದ ಮನೆಗೆ ತಲುಪಿಸಿದರು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಲೇಖಕರೂ ಅವರೇ ಎಂಬುದು ಆಕಸ್ಮಿಕವೆನಿಸದು. ಅವರಿಗೆ ದೇಹವೂ ಒಂದು ಶಿಲ್ಪವೇ. ಆದರೂ ಗುರಿ ಇನ್ನೂ ನೋಟದ್ದು. ನಿಜವಾದ ತಿರುವು ಬಂದದ್ದು ಎರಡನೇ ಮಹಾಯುದ್ಧದ ಗಾಯಾಳುಗಳಿಂದ. ಷಿಕಾಗೋದ ಸೇನಾ ಆಸ್ಪತ್ರೆಯೊಂದರಲ್ಲಿ ಮೊಣಕಾಲು ಶಸ್ತ್ರಚಿಕಿತ್ಸೆಯಾದ ಸೈನಿಕರಿಗೆ ಆಗಿನ ರೂಢಿ ಲಘು ವ್ಯಾಯಾಮ, ವಿಶ್ರಾಂತಿ. ಯುವ ವೈದ್ಯ ಥಾಮಸ್ ಡಿಲೋರ್ಮ್ ಆ ಸೈನಿಕರ ಪಾದಕ್ಕೆ ಭಾರ ಕಟ್ಟಿಸಿ ಕಾಲು ಎತ್ತಿಸಿದ. 1945ರಲ್ಲಿ ಫಲಿತಾಂಶ ಪ್ರಕಟಿಸಿದ. ಅವನ ಕೊಡುಗೆ ಭಾರ ಎತ್ತಿಸಿದ್ದಕ್ಕಿಂತ ಅದನ್ನು ಅಳೆದದ್ದರಲ್ಲಿದೆ. ರೋಗಿಯೊಬ್ಬ ಸರಿಯಾಗಿ ಹತ್ತು ಬಾರಿ ಮಾತ್ರ ಎತ್ತಬಲ್ಲ ತೂಕವೇ ಡಿಲೋರ್ಮ್‌ನ ಮಾಪನ. ಮುಂದೆ ನಿಗದಿಯಾದ ಕ್ರಮದಲ್ಲಿ ಆ ತೂಕದ ಅರ್ಧವನ್ನು ಹತ್ತು ಬಾರಿ, ಮುಕ್ಕಾಲನ್ನು ಹತ್ತು ಬಾರಿ, ಪೂರ್ತಿಯನ್ನು ಹತ್ತು ಬಾರಿ ಎತ್ತಬೇಕು. ಬಲ ಹೆಚ್ಚಿದಂತೆ ತೂಕವೂ ಹೆಚ್ಚುತ್ತದೆ. ಸಂಗ್ರಾಣಿ ಕಲ್ಲಿಗೆ ಇದು ತದ್ವಿರುದ್ಧ. ಇಲ್ಲಿ ತೂಕವೇ ಮನುಷ್ಯನಿಗೆ ಹೊಂದಿಕೊಳ್ಳುತ್ತದೆ, ಆದ್ದರಿಂದ ಯಾವ ದುರ್ಬಲನನ್ನೂ ಹೊರಗಿಡುವ ಕಾರಣ ಉಳಿಯುವುದಿಲ್ಲ.

ಈ ಕ್ರಮ ಫಲ ಕೊಡುವುದೇಕೆ? ಮೊದಲ ಕೆಲವು ವಾರಗಳಲ್ಲಿ ಸ್ನಾಯು ದಪ್ಪವಾಗುವುದಕ್ಕಿಂತ ಮುಂಚೆಯೇ ಬಲ ಏರುತ್ತದೆ. ಇದು ಮುಖ್ಯವಾಗಿ ನರಮಂಡಲದ ಕಲಿಕೆ ಎಂದು ಸಂಶೋಧಕರಾದ ಮೊರಿತಾನಿ ಮತ್ತು ಡಿವ್ರೀಸ್ 1979ರಲ್ಲಿ ತೋರಿಸಿದರು. ಸುಮ್ಮನಿದ್ದ ಸ್ನಾಯುತಂತುಗಳನ್ನು ನರಗಳು ಕೆಲಸಕ್ಕೆ ಕರೆಯತೊಡಗುತ್ತವೆ. ತಂತುಗಳು ಬೆಳೆಯುವುದು ಆಮೇಲೆ. ಇದನ್ನು ಮುಪ್ಪಿನ ಪಕ್ಕದಲ್ಲಿಟ್ಟು ನೋಡಬೇಕು. ವಯಸ್ಸಾದಂತೆ ಸ್ನಾಯುವನ್ನು ನಡೆಸುವ ನರಕೋಶಗಳು ಕಡಿಮೆಯಾಗುತ್ತವೆ, ಅದರಲ್ಲೂ ಚುರುಕು ಚಲನೆಯ ತಂತುಗಳು ಹೆಚ್ಚು ಸೊರಗುತ್ತವೆ. ಎಡವಿದಾಗ ಥಟ್ಟನೆ ಕಾಲು ಮುಂದಿಟ್ಟು ಸಾವರಿಸಿಕೊಳ್ಳಲು ಬೇಕಾದದ್ದು ಇವೇ. 1980ರ ದಶಕದ ಕೊನೆಯಲ್ಲಿ ಇರ್ವಿನ್ ರೋಸೆನ್‌ಬರ್ಗ್ ಈ ಕ್ಷಯಕ್ಕೆ ಸಾರ್ಕೋಪೀನಿಯ ಎಂದು ಹೆಸರಿಟ್ಟ ಮೇಲಷ್ಟೇ ವೈದ್ಯಶಾಸ್ತ್ರ ಅದನ್ನು ವಯಸ್ಸಿನ ಸಹಜ ಗುಣವೆಂದು ತಳ್ಳಿಹಾಕುವುದನ್ನು ಬಿಡತೊಡಗಿತು.

ಆಗಿನ ಪ್ರಶ್ನೆ ಇಷ್ಟೇ: ತೊಂಬತ್ತರ ಸ್ನಾಯುವಿಗೆ ಕಲಿಯುವ ಶಕ್ತಿ ಉಳಿದಿದೆಯೆ? 1990ರಲ್ಲಿ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ಬಾಸ್ಟನ್ನಿನ ವೃದ್ಧರ ಶುಶ್ರೂಷಾಲಯದಲ್ಲಿದ್ದ, ತೊಂಬತ್ತರ ಆಸುಪಾಸಿನ 10 ಮಂದಿಗೆ 8 ವಾರ ತೊಡೆಯ ಸ್ನಾಯುವಿಗೆ ಭಾರದ ತಾಲೀಮು ಕೊಟ್ಟರು. ಬಲ ಸರಾಸರಿ ಶೇ 174ರಷ್ಟು ಹೆಚ್ಚಿತು. ಹತ್ತೇ ಜನ, ಹೋಲಿಕೆಯ ಗುಂಪಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ತೀರ ಕಡಿಮೆ ಬಲದಿಂದ ಹೊರಟಾಗ ಶೇಕಡಾವಾರು ಏರಿಕೆ ಭರ್ಜರಿಯಾಗಿ ಕಾಣುವುದೂ ಸಹಜ. ಅದಕ್ಕೆ ಅದೇ ತಂಡ 1994ರಲ್ಲಿ 100 ಮಂದಿಯನ್ನು ಯಾದೃಚ್ಛಿಕವಾಗಿ ಗುಂಪುಗೂಡಿಸಿ 10 ವಾರಗಳ ಪ್ರಯೋಗ ಮಾಡಿ ಉತ್ತರ ಕೊಟ್ಟಿತು. ತಾಲೀಮು ಪಡೆದವರ ಬಲ ಶೇ 113ರಷ್ಟು ಏರಿತು, ನಡಿಗೆಯ ವೇಗವೂ ಮೆಟ್ಟಿಲೇರುವ ಶಕ್ತಿಯೂ ಹೆಚ್ಚಿದವು. ಪೌಷ್ಟಿಕ ಪೇಯವನ್ನಷ್ಟೇ ಕುಡಿದ ಗುಂಪಿಗೆ ಅಂಥ ಲಾಭವಾಗಲಿಲ್ಲ. ಹಿರಿಯರ ನಿತ್ರಾಣಕ್ಕೆ ಟಾನಿಕ್ಕು, ಪುಡಿಗಳನ್ನಷ್ಟೇ ತಂದುಕೊಡುವ ನಮ್ಮ ಮನೆಗಳು ಗಮನಿಸಬೇಕಾದ ಅಂಶವಿದು.

ಬಲವಿದ್ದವರು ಹೆಚ್ಚು ಬಾಳುತ್ತಾರೆಂದರೆ ಬಲವೇ ಕಾರಣವೆಂದಾಗುವುದೆ ಎಂಬ ಪ್ರಶ್ನೆಯೂ ಇದೆ. ಭಾರತವೂ ಸೇರಿದಂತೆ 17 ದೇಶಗಳ ಸುಮಾರು 1.4 ಲಕ್ಷ ಜನರನ್ನು ಗಮನಿಸಿದ ಪ್ಯೂರ್ ಅಧ್ಯಯನ, ಕೈಹಿಡಿತದ ಬಲ 5 ಕಿಲೋ ಕಡಿಮೆಯಾದಂತೆಲ್ಲ ಸಾವಿನ ಅಪಾಯ ಶೇ 16ರಷ್ಟು ಹೆಚ್ಚಿದ್ದನ್ನು 2015ರಲ್ಲಿ ವರದಿ ಮಾಡಿತು. ಆದರೆ ರೋಗವೇ ಹಿಡಿತವನ್ನು ಸಡಿಲಿಸಿರಬಹುದಲ್ಲ? ಹೌದು, ಇಂಥ ಅಂಕಿಯಿಂದ ಆಯುಷ್ಯದ ಭರವಸೆ ಕೊಡುವ ಜಾಹೀರಾತುಗಳನ್ನು ನಂಬಬೇಕಿಲ್ಲ. ತಾಲೀಮಿನ ಪರವಾದ ಗಟ್ಟಿ ಪುರಾವೆ ಬರುವುದು ಪ್ರಯೋಗಗಳಿಂದ. ಆಸ್ಟ್ರೇಲಿಯಾದ ಲಿಫ್ಟ್‌ಮೋರ್ ಪ್ರಯೋಗದಲ್ಲಿ ಮುಟ್ಟು ನಿಂತ, ಮೂಳೆ ತೆಳುವಾದ ಹೆಂಗಸರು ವಾರಕ್ಕೆರಡು ಸಲ ಅರ್ಧ ಗಂಟೆ, ತಜ್ಞರ ಕಣ್ಣೆದುರು ಭಾರವಾದ ಬಾರ್ಬೆಲ್ ಎತ್ತಿದರು. 8 ತಿಂಗಳಲ್ಲಿ ಅವರ ಸೊಂಟದ ಬೆನ್ನುಮೂಳೆಯ ಸಾಂದ್ರತೆ ಶೇ 2.9 ಏರಿತು, ಮನೆಯಲ್ಲಿ ಲಘು ವ್ಯಾಯಾಮ ಮಾಡಿದವರದ್ದು ಶೇ 1.2 ಇಳಿಯಿತು. ಇಂಥವರು ಭಾರ ಮುಟ್ಟಲೇಬಾರದೆಂಬ ಎಚ್ಚರಿಕೆಗೆ ಇದು ನೇರ ಉತ್ತರ. ನಮ್ಮ ಹೆಂಗಸರು ಕೊಡ ಹೊತ್ತು, ಹೊರೆ ಹೊತ್ತು ಬಂದವರಲ್ಲವೆ, ಅವರಿಗೆ ಬೇರೆ ತಾಲೀಮೇಕೆ ಎನ್ನುವವರಿದ್ದಾರೆ. ದುಡಿಮೆಯ ಭಾರ ದೇಹಕ್ಕೆ ತಕ್ಕಂತೆ ಏರುವುದಿಲ್ಲ, ದಣಿದ ದಿನ ಇಳಿಯುವುದೂ ಇಲ್ಲ. ಚೇತರಿಕೆಗೆ ಬಿಡುವು, ಬೇಳೆಕಾಳು ಹಾಲು ಮೊಟ್ಟೆಯ ಊಟ ಸಿಗುವ ಖಾತರಿಯೂ ಅದಕ್ಕಿಲ್ಲ. ಅದು ಸ್ನಾಯುವನ್ನು ಬೆಳೆಸುವುದಕ್ಕಿಂತ ಕೀಲನ್ನು ಸವೆಸುವುದೇ ಹೆಚ್ಚು.

ಭಾರ ಎತ್ತಿದರೆ ರಕ್ತದೊತ್ತಡ ಏರುತ್ತದೆಂಬ ಆತಂಕ ಪೊಳ್ಳಲ್ಲ. ಅತಿಭಾರವನ್ನು ಉಸಿರು ಬಿಗಿಹಿಡಿದು ತಳ್ಳುವಾಗ ಮೇಲಿನ ಒತ್ತಡ 300 ದಾಟಿದ್ದನ್ನು 1985ರಲ್ಲಿ ಮ್ಯಾಕ್‌ಡೂಗಲ್ ಮತ್ತಿತರರು ಧಮನಿಯೊಳಗೇ ಅಳೆದಿದ್ದರು. ಅವರು ಅಳೆದದ್ದು ದೇಹದಾರ್ಢ್ಯಪಟುಗಳನ್ನು, ಸುಸ್ತಾಗಿ ಬಿಡುವವರೆಗಿನ ಎತ್ತುವಿಕೆಯನ್ನು. ಮಧ್ಯಮ ತೂಕವನ್ನು ಉಸಿರು ಬಿಡುತ್ತ ಎತ್ತುವುದು ಬೇರೆ ಮಾತು. ಅಮೆರಿಕದ ಹೃದಯ ಸಂಘವೇ 2000ದಿಂದೀಚೆಗೆ ಸ್ಥಿರ ಹೃದ್ರೋಗಿಗಳಿಗೂ ಇದನ್ನು ಶಿಫಾರಸು ಮಾಡುತ್ತ ಬಂದಿದೆ. ಹತೋಟಿಗೆ ಬಾರದ ಒತ್ತಡವಿರುವವರು ಮೊದಲು ಅದನ್ನು ತಗ್ಗಿಸಿಕೊಳ್ಳಬೇಕು. ಹಾಗೆಂದು ಭಾರವೊಂದೇ ಸಾಕೆಂಬ ಜಿಮ್ಮಿನ ಭಕ್ತರ ಮಾತೂ ನಿಲ್ಲುವುದಿಲ್ಲ. ಊಟದ ಸಕ್ಕರೆಯ ದೊಡ್ಡ ಪಾಲನ್ನು ಹೀರಿಕೊಳ್ಳುವುದು ಸ್ನಾಯುವೇ ಆದರೂ, 262 ಮಧುಮೇಹಿಗಳ ಮೇಲೆ 9 ತಿಂಗಳು ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸಕ್ಕರೆಯ ಸರಾಸರಿ ಮಟ್ಟ ಗಣನೀಯವಾಗಿ ಇಳಿದದ್ದು ನಡಿಗೆ ಮತ್ತು ಭಾರ ಎರಡನ್ನೂ ಮಾಡಿದವರಲ್ಲಿ ಮಾತ್ರ. ಬೆಳಗಿನ ವಾಕಿಂಗ್ ನಮ್ಮ ನಗರಗಳಲ್ಲಿ ಚೆನ್ನಾಗಿಯೇ ಬೇರೂರಿದೆ, ಕೊರತೆಯಿರುವುದು ಇನ್ನರ್ಧದಲ್ಲಿ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆಲ್ಲ ವಾರಕ್ಕೆ ಕನಿಷ್ಠ 2 ದಿನ ಸ್ನಾಯು ಬಲಪಡಿಸುವ ವ್ಯಾಯಾಮ, 65 ದಾಟಿದವರಿಗೆ ವಾರಕ್ಕೆ 3 ದಿನ ಸಮತೋಲನ ಮತ್ತು ಬಲದ ಅಭ್ಯಾಸ ಹೇಳುತ್ತದೆ. ಇದನ್ನು ಪಾಲಿಸಲು ಮೊದಲು ಯಾರ ಬಲ ಕುಂದಿದೆ ಎಂದು ತಿಳಿಯಬೇಕು. ಏಷ್ಯಾದ ತಜ್ಞರ ತಂಡ 2019ರಲ್ಲಿ ಒಪ್ಪಿದ ಮಾನದಂಡದಂತೆ ಕೈಹಿಡಿತ ಗಂಡಸರಲ್ಲಿ 28 ಕಿಲೋ, ಹೆಂಗಸರಲ್ಲಿ 18 ಕಿಲೋಗಿಂತ ಕಡಿಮೆಯಿದ್ದರೆ ಅದು ದುರ್ಬಲತೆ. ಹಿಡಿತ ಅಳೆಯುವ ಸಾಧನ ಇಲ್ಲದಿದ್ದರೆ, ಕೈಗಳನ್ನು ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಲು 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೂ ಶಂಕಿಸಬೇಕು. ಒತ್ತಡ, ಸಕ್ಕರೆ ನೋಡುವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ಪರೀಕ್ಷೆಗೆ ಒಂದು ಗಟ್ಟಿ ಕುರ್ಚಿ, ಒಂದು ಗಡಿಯಾರ ಸಾಕು. ಅದೇ ಕುರ್ಚಿಯಿಂದ ಎದ್ದು ಕೂರುವುದೇ ಮೊದಲ ತಾಲೀಮೂ ಆಗಬಲ್ಲದು.